ಪಟ್ಟಿಯಲ್ಲಿಲ್ಲದ್ದು ಕಾಡಿನಲ್ಲೂ ಇಲ್ಲವೆ? ಸಹ್ಯಾದ್ರಿಯ ಲಿವರ್‌ವರ್ಟ್‌ಗಳನ್ನು ದಾಖಲಿಸುವ ಪ್ರಶ್ನೆ

ಶರಾವತಿ ಕಣಿವೆಯಲ್ಲಿ ಉದ್ದೇಶಿಸಿರುವ ಭೂಗತ ಜಲವಿದ್ಯುತ್ ಯೋಜನೆಯ ಕುರಿತ ವಾಗ್ವಾದದಲ್ಲಿ ಎರಡು ಸಂಗತಿಗಳು ತಪ್ಪದೆ ಪ್ರಸ್ತಾಪವಾಗುತ್ತವೆ: ಕಡಿಯಬೇಕಾಗುವ ಮರಗಳ ಸಂಖ್ಯೆ ಮತ್ತು ಸಿಂಗಳೀಕಗಳ ಗತಿ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಇಳಿಸಿ, ಮತ್ತೆ ಮೇಲೆತ್ತಿ 2,000 ಮೆಗಾವಾಟ್ ಸಾಮರ್ಥ್ಯದಲ್ಲಿ ವಿದ್ಯುತ್ ಪಡೆಯುವ ಈ ಯೋಜನೆ ಸಿಂಗಳೀಕ ಅಭಯಾರಣ್ಯದ ವ್ಯಾಪ್ತಿಗೆ ಬರುವುದರಿಂದ ಅದು ಸಹಜವೇ. ಮರಕ್ಕೆ ಸುತ್ತಳತೆಯಿದೆ, ಎಣಿಸುವ ಪದ್ಧತಿಯಿದೆ. ಸಿಂಗಳೀಕಕ್ಕೆ ಎಲ್ಲರೂ ಗುರುತಿಸುವ ಮುಖವಿದೆ. ಆದರೆ ಅದೇ ಮರದ ತೊಗಟೆಯ ಮೇಲೆ, ಎಲೆಗಳ ಮೇಲೆ, ಬುಡದಲ್ಲಿ ಬಿದ್ದು ಕೊಳೆಯುತ್ತಿರುವ ಕೊಂಬೆಯ ಮೇಲೆ, ಪಕ್ಕದ ಹಳ್ಳದ ಬಂಡೆಯ ಮೇಲೆ ಬೆಳೆಯುವ ಒಂದು ದೊಡ್ಡ ಸಸ್ಯವರ್ಗಕ್ಕೆ ಮರಗಳ ಎಣಿಕೆಯ ಕೋಷ್ಟಕದಲ್ಲಿ ಜಾಗವಿಲ್ಲ. ಲಿವರ್‌ವರ್ಟ್‌ಗಳು ಆ ವರ್ಗಕ್ಕೆ ಸೇರಿದವು. ಮಲೆನಾಡಿನಲ್ಲಿ ಅವನ್ನು ಮಾಸ್‌ಗಳೊಂದಿಗೆ, ಕೆಲವೊಮ್ಮೆ ನೀರಿನ ಪಾಚಿಯೊಂದಿಗೂ ಸೇರಿಸಿ ಹಾವಸೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ.

ಪಶ್ಚಿಮ ಘಟ್ಟದ ಲಿವರ್‌ವರ್ಟ್‌ಗಳ ಬಗ್ಗೆ ನಮಗೆ ಏನೂ ತಿಳಿದಿಲ್ಲ ಎಂದು ಹೇಳುವುದು ತಪ್ಪಾಗುತ್ತದೆ. ಹೆಸರುಗಳ ಪಟ್ಟಿಗಳಿವೆ, ಅವುಗಳಲ್ಲಿ ಕೆಲವು ಬಹಳ ಶ್ರಮದಿಂದ ಸಿದ್ಧವಾದವು. ಆದರೆ ಒಂದು ಪ್ರದೇಶದಲ್ಲಿ ಇಂಥಿಂಥ ಪ್ರಭೇದಗಳಿವೆ ಎಂಬ ಪಟ್ಟಿ ಒಂದು ಬಗೆಯ ತಿಳಿವಳಿಕೆಯಾದರೆ, ಯಾವ ಹಳ್ಳದ ಯಾವ ದಂಡೆಯಲ್ಲಿ, ಯಾವ ತಿಂಗಳಲ್ಲಿ, ಯಾವುದರ ಮೇಲೆ, ಎಷ್ಟು ಹರಡಿಕೊಂಡು ಅವು ಇದ್ದವು ಎಂಬ ದಾಖಲೆ ಇನ್ನೊಂದು ಬಗೆಯದು. ಮೊದಲನೆಯದು ವರ್ಗೀಕರಣ ಶಾಸ್ತ್ರಕ್ಕೆ ಸಾಕು. ಅಣೆಕಟ್ಟು, ರಸ್ತೆ, ಗಣಿ, ತೋಟಗಳ ಬಗ್ಗೆ ತೀರ್ಮಾನ ಮಾಡುವವರ ಮುಂದೆ ಇಡಬೇಕಾದದ್ದು ಎರಡನೆಯದು. ಘಟ್ಟದ ಕರ್ನಾಟಕದ ಪಾಲಿನಲ್ಲಿ ಕೊರತೆಯಿರುವುದು ಮುಖ್ಯವಾಗಿ ಈ ಎರಡನೆಯದರಲ್ಲಿ.

ಲಿವರ್‌ವರ್ಟ್ ಎಂದ ಕೂಡಲೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ನೆನಪಾಗುವುದು ಮಾರ್ಕ್ಯಾಂಶಿಯಾ ಮತ್ತು ರಿಕ್ಸಿಯಾ. ನೆಲಕ್ಕೆ ಅಂಟಿಕೊಂಡು ಕವಲೊಡೆಯುತ್ತ ಹೋಗುವ ಹಸಿರು ಪಟ್ಟಿಯಂಥ ದೇಹ, ಅದರ ಮೇಲೆ ಪುಟ್ಟ ಬಟ್ಟಲುಗಳು ಅಥವಾ ಕೊಡೆಯಂತೆ ಎದ್ದ ದಂಟುಗಳು. ಚಿತ್ರ ಸರಿಯಾದದ್ದೇ, ಆದರೆ ಪ್ರಾತಿನಿಧಿಕವಲ್ಲ. ಜಗತ್ತಿನ ಲಿವರ್‌ವರ್ಟ್‌ಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚಿನವು ಈ ರೂಪದವಲ್ಲ. ಅವು ಸಣ್ಣ ಕಾಂಡದ ಎರಡು ಬದಿಗೂ ಒಂದೇ ಕೋಶದಷ್ಟು ದಪ್ಪದ ಎಲೆಗಳನ್ನು ಜೋಡಿಸಿಕೊಂಡ, ಮೇಲ್ನೋಟಕ್ಕೆ ಮಾಸ್‌ನಂತೆಯೇ ಕಾಣುವ ಎಲೆಯುಳ್ಳ ಬಗೆಯವು. ಮಳೆಕಾಡಿನಲ್ಲಿ ಇವುಗಳದೇ ದೊಡ್ಡ ಸಂಸಾರ, ಅದರಲ್ಲೂ ಲೆಜುನಿಯೇಸಿ ಎಂಬ ಕುಟುಂಬದ್ದು. ಆ ಕುಟುಂಬದ ಅನೇಕ ಸಸ್ಯಗಳ ಎಲೆಸಹಿತ ಕಾಂಡದ ಅಗಲ ಒಂದು ಮಿಲಿಮೀಟರು ಕೂಡ ಮುಟ್ಟುವುದಿಲ್ಲ. ಬೇರಿಲ್ಲ, ನೀರು ಸಾಗಿಸುವ ನಾಳಗಳ ಪೂರ್ಣ ವ್ಯವಸ್ಥೆಯಿಲ್ಲ, ಪತ್ರರಂಧ್ರಗಳಂತೂ ಇಡೀ ಗುಂಪಿನಲ್ಲೇ ಇಲ್ಲ. ಮೈಯೆಲ್ಲ ನೀರು ಹೀರುತ್ತದೆ, ಮೈಯಿಂದಲೇ ನೀರು ಕಳೆದುಕೊಳ್ಳುತ್ತದೆ. ಹೀಗಾಗಿ ಒಂದು ಜಾಗದ ತೇವ, ನೆರಳು, ಮಂಜು, ನೀರಿನ ಸ್ವಚ್ಛತೆ ಇವುಗಳಲ್ಲಿ ಸ್ವಲ್ಪ ಏರುಪೇರಾದರೂ ಮೊದಲು ತಟ್ಟುವುದು ಇಂಥ ಸಸ್ಯಗಳಿಗೆ. ದೊಡ್ಡ ಮರ ಅದೇ ಬದಲಾವಣೆಯನ್ನು ಹಲವು ವರ್ಷ ತಡೆದುಕೊಂಡು ನಿಂತಿರುತ್ತದೆ.

ಸಂಖ್ಯೆಗಳ ಕಡೆ ಬರೋಣ. 2016ರಲ್ಲಿ ಪ್ರಕಟವಾದ ಜಾಗತಿಕ ಪಟ್ಟಿಯು ಲಿವರ್‌ವರ್ಟ್ ಮತ್ತು ಅವುಗಳಂತೆಯೇ ನೆಲಕ್ಕಂಟಿ ಬೆಳೆಯುವ, ಕೊಂಬಿನಾಕಾರದ ಬೀಜಕಕೋಶವುಳ್ಳ ಹಾರ್ನ್‌ವರ್ಟ್‌ಗಳನ್ನು ಸೇರಿಸಿ 7,486 ಪ್ರಭೇದಗಳನ್ನು ಲೆಕ್ಕ ಹಾಕಿತು. ಇದರಲ್ಲಿ ಹಾರ್ನ್‌ವರ್ಟ್‌ಗಳ ಪಾಲು ತೀರ ಚಿಕ್ಕದು. ಅದೇ ವರ್ಷ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ ಹೊರತಂದ ದೇಶದ ಪಟ್ಟಿಯಲ್ಲಿ ಈ ಎರಡು ಗುಂಪು ಸೇರಿ 900ಕ್ಕೂ ಹೆಚ್ಚು ಹೆಸರುಗಳಿವೆ. ಪಶ್ಚಿಮ ಘಟ್ಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಳಸುತ್ತ ಬಂದಿರುವ ಅಂದಾಜು ಸುಮಾರು 280 ಲಿವರ್‌ವರ್ಟ್‌ಗಳು; ಅವುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಬೇರೆಲ್ಲೂ ಕಾಣದವು ಎನ್ನಲಾಗುತ್ತದೆ. ಬ್ರಿಟನ್ನಿನ ಸಂಖ್ಯೆಯೂ ಇದಕ್ಕೆ ಹತ್ತಿರದ್ದೇ, ಸುಮಾರು 300. ಸುಮಾರು 1,600 ಕಿಲೋಮೀಟರು ಉದ್ದದ, ಸಮುದ್ರಮಟ್ಟದ ತಪ್ಪಲಿನಿಂದ ಆನೆಮುಡಿಯ 2,695 ಮೀಟರಿನವರೆಗೆ ಏರುವ, ಆಗುಂಬೆಯಂಥ ಮಳೆಯ ಊರುಗಳಿರುವ ಉಷ್ಣವಲಯದ ಪರ್ವತಸಾಲಿನಲ್ಲಿ ಬ್ರಿಟನ್ನಿಗಿಂತ ಕಡಿಮೆ ಪ್ರಭೇದಗಳಿವೆ ಎಂದು ಒಪ್ಪಿಕೊಳ್ಳಲು ಕಷ್ಟ. ಬ್ರಿಟನ್ನಿನ ಪಶ್ಚಿಮ ಕರಾವಳಿಯ ವರ್ಷವಿಡೀ ತೇವದ ಹವೆ ಲಿವರ್‌ವರ್ಟ್‌ಗಳಿಗೆ ಹೇಳಿ ಮಾಡಿಸಿದ್ದು, ನಮ್ಮಲ್ಲಾದರೋ ಆರು ತಿಂಗಳ ಒಣಹವೆಯಿದೆ ಎಂಬ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಂಡರೂ ಸಂದೇಹ ಪೂರ್ತಿ ಹೋಗುವುದಿಲ್ಲ.

ಆದರೆ ಆ ಹೋಲಿಕೆಯಲ್ಲಿ ನನಗೆ ಮುಖ್ಯವೆನಿಸುವುದು ಒಟ್ಟು ಸಂಖ್ಯೆಯಲ್ಲ. ಬ್ರಿಟನ್ನಿನಲ್ಲಿ 1896ರಲ್ಲಿ ಮಾಸ್‌ಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ಹವ್ಯಾಸಿಗಳ ಒಂದು ಕೂಟ ಶುರುವಾಯಿತು. 1923ರಲ್ಲಿ ಅದು ಬ್ರಿಟಿಷ್ ಬ್ರಯೋಲಾಜಿಕಲ್ ಸೊಸೈಟಿಯಾಯಿತು. 2014ರಲ್ಲಿ ಆ ಸಂಘದ ಸದಸ್ಯರ ದಶಕಗಳ ದಾಖಲೆಗಳಿಂದ ಎರಡು ಸಂಪುಟಗಳ ನಕಾಶೆ ಪುಸ್ತಕ ಹೊರಬಂತು. ದೇಶವನ್ನು ಹತ್ತು ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಪ್ರಭೇದವೂ ಯಾವ ಯಾವ ಚೌಕದಲ್ಲಿ ಕಂಡಿದೆ, ಯಾವ ಕಾಲಘಟ್ಟದಲ್ಲಿ ಕಂಡಿದೆ ಎಂದು ಅದರಲ್ಲಿ ಗುರುತಿಸಲಾಗಿದೆ. ಒಂದು ಪ್ರಭೇದ ಹಿಂದೆ ಇದ್ದ ಚೌಕದಲ್ಲಿ ಈಗ ಇಲ್ಲ ಎಂದು ಅಲ್ಲಿನವರು ಹೇಳಬಲ್ಲರು. ನಮ್ಮ ಘಟ್ಟದ ಬಹುತೇಕ ಲಿವರ್‌ವರ್ಟ್‌ಗಳ ಬಗ್ಗೆ ಆ ಮಾತನ್ನು ಯಾರೂ ಹೇಳಲಾರರು. ‘ಕೊಡಗು’ ಎಂದೋ ‘ದಕ್ಷಿಣ ಕನ್ನಡ’ ಎಂದೋ ಬರೆದ ಹಳೆಯ ಚೀಟಿಯನ್ನು ಹಿಡಿದುಕೊಂಡು ಯಾವ ಹಳ್ಳಕ್ಕೆ ಹೋಗಿ ಹುಡುಕುವುದು?

ಇದಕ್ಕೆ ಚಾರಿತ್ರಿಕ ಕಾರಣಗಳಿವೆ. ಭಾರತದಲ್ಲಿ ಈ ಅಧ್ಯಯನಕ್ಕೆ ಅಡಿಪಾಯ ಹಾಕಿದ ಶಿವರಾಮ ಕಶ್ಯಪ್ (1882–1934) ಲಾಹೋರಿನಲ್ಲಿದ್ದವರು. ಪಶ್ಚಿಮ ಹಿಮಾಲಯ ಮತ್ತು ಪಂಜಾಬಿನ ಬಯಲಿನ ಲಿವರ್‌ವರ್ಟ್‌ಗಳ ಕುರಿತ ಅವರ ಗ್ರಂಥದ ಮೊದಲ ಭಾಗ 1929ರಲ್ಲಿ, ಎರಡನೆಯದು 1932ರಲ್ಲಿ ಬಂತು. ಅವರ ಬಳಿಕ ಲಖನೌ ವಿಶ್ವವಿದ್ಯಾಲಯ ಈ ವಿಷಯದ ಕೇಂದ್ರವಾಯಿತು, ರಾಮ್ ಉದರ್ ಮತ್ತು ಅವರ ಶಿಷ್ಯಪರಂಪರೆ ದಕ್ಷಿಣದ ಬೆಟ್ಟಗಳಲ್ಲೂ ಸಂಗ್ರಹ ಮಾಡಿತು. ದಕ್ಷಿಣದಲ್ಲಿ ಇದಕ್ಕೂ ಮೊದಲು ಗಂಭೀರವಾಗಿ ಶೋಧ ನಡೆದದ್ದು ಪಳನಿ ಬೆಟ್ಟಗಳಲ್ಲಿ. ಕೊಡೈಕೆನಾಲ್ ಸಮೀಪದ ಶೆಂಬಗನೂರಿನ ಜೆಸುಯಿಟ್ ಪಾದ್ರಿಗಳು, ಅವರಲ್ಲೂ ಜಾರ್ಜ್ ಫೊರೊ, ದಶಕಗಳ ಕಾಲ ಅಲ್ಲಿನ ಹಾವಸೆ ಸಸ್ಯಗಳನ್ನು ಕೂಡಿಹಾಕಿದರು. ಹೀಗೆ ಪಳನಿ, ನೀಲಗಿರಿಯಂಥ ಕಡೆ ಮಾಹಿತಿ ದಟ್ಟವಾಗಿದೆ. ಕಳೆದ ಎರಡು ದಶಕಗಳಲ್ಲಿ ಕೇರಳದ ಕಲ್ಲಿಕೋಟೆ, ತಮಿಳುನಾಡಿನ ನಾಗರಕೋಯಿಲ್‌ಗಳ ಕಾಲೇಜುಗಳಲ್ಲಿ ಬೆಳೆದ ಅಧ್ಯಯನ ತಂಡಗಳು ವಯನಾಡು, ಅಗಸ್ತ್ಯಮಲೆಯಂಥ ಪ್ರದೇಶಗಳನ್ನು ಒಂದೊಂದಾಗಿ ತೆಗೆದುಕೊಂಡು ಕೆಲಸ ಮಾಡಿವೆ. ಗಮನಿಸಬೇಕಾದದ್ದೆಂದರೆ ಅವು ಬೆಟ್ಟಕ್ಕೆ ಹತ್ತಿರದ ಊರಿನ ಕಾಲೇಜುಗಳು. ದೊಡ್ಡ ರಾಷ್ಟ್ರೀಯ ಸಂಸ್ಥೆಗಳಲ್ಲ. ಬ್ರಹ್ಮಗಿರಿಯಿಂದ ಪುಷ್ಪಗಿರಿ, ಕುದುರೆಮುಖ, ಆಗುಂಬೆ ದಾಟಿ ಉತ್ತರ ಕನ್ನಡದವರೆಗಿನ ಕರ್ನಾಟಕದ ಭಾಗಕ್ಕೆ ಅಂಥ ದೀರ್ಘಕಾಲದ ನೆಲೆ ಇನ್ನೂ ಒದಗಿಲ್ಲ. ಹೀಗಿರುವಾಗ ನಕಾಶೆಯಲ್ಲಿ ಪ್ರಭೇದಗಳು ದಟ್ಟವಾಗಿ ಕಾಣುವ ಜಾಗಗಳು ನಿಜಕ್ಕೂ ಶ್ರೀಮಂತ ಜಾಗಗಳೋ ಅಥವಾ ಸಂಗ್ರಹಕಾರರು ವಾಸವಿದ್ದ ಜಾಗಗಳೋ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಹೆಸರುಗಳ ಗೊಂದಲವೂ ಸಣ್ಣದಲ್ಲ. ಜರ್ಮನಿಯ ಫ್ರಾಂಜ್ ಸ್ಟೆಫಾನಿ 1898ರಿಂದ ಸುಮಾರು ಕಾಲು ಶತಮಾನ ಪ್ರಕಟಿಸಿದ ಆರು ಸಂಪುಟಗಳ ಮಹಾಪಟ್ಟಿಯಲ್ಲಿ ಜಗತ್ತಿನ ಎಲ್ಲೆಡೆಯ ಸಂಗ್ರಹಗಳಿಂದ ಸಾವಿರಾರು ಹೊಸ ಹೆಸರುಗಳನ್ನು ಕೊಟ್ಟರು. ಅವರ ಕಾಲಕ್ಕೆ ಅದು ದೈತ್ಯ ಸಾಧನೆ. ಆದರೆ ಒಂದೇ ಸಸ್ಯ ಜಾವಾದಿಂದ ಬಂದರೆ ಒಂದು ಹೆಸರು, ಸಿಲೋನಿನಿಂದ ಬಂದರೆ ಇನ್ನೊಂದು, ಭಾರತದಿಂದ ಬಂದರೆ ಮತ್ತೊಂದು ಎಂಬಂತಾದದ್ದೂ ಉಂಟು, ಅವುಗಳಲ್ಲಿ ಬಹಳಷ್ಟು ಹೆಸರುಗಳನ್ನು ನಂತರದ ವಿದ್ವಾಂಸರು ಒಂದಕ್ಕೊಂದು ಸೇರಿಸುತ್ತ ಬಂದಿದ್ದಾರೆ. ಮೂಲ ಮಾದರಿಗಳು ಜಿನೀವಾದಲ್ಲಿವೆ. ಆದ್ದರಿಂದ ಘಟ್ಟದ ಲಿವರ್‌ವರ್ಟ್‌ಗಳಲ್ಲಿ ಇಷ್ಟು ಪಾಲು ಇಲ್ಲಿಗೇ ಸೀಮಿತವಾದವು ಎಂಬ ಹೆಮ್ಮೆಯ ಅಂಕಿಯನ್ನು ನಾನು ಸ್ವಲ್ಪ ಎಚ್ಚರದಿಂದಲೇ ಓದುತ್ತೇನೆ. ಅದರಲ್ಲಿ ಒಂದು ಪಾಲು ನಿಜವಾದ ಸ್ಥಳೀಯತೆ. ಇನ್ನೊಂದು ಪಾಲು ಒಮ್ಮೆ ಹೆಸರಿಟ್ಟ ಮೇಲೆ ಶ್ರೀಲಂಕಾದ್ದೋ ಆಗ್ನೇಯ ಏಷ್ಯಾದ್ದೋ ಮಾದರಿಯೊಂದಿಗೆ ಯಾರೂ ಹೋಲಿಸಿ ನೋಡದೆ ಉಳಿದದ್ದು ಇರಬಹುದು. ಎರಡನ್ನೂ ಬೇರ್ಪಡಿಸುವ ಕೆಲಸ ಕಾಡಿನಲ್ಲಲ್ಲ, ಮಾದರಿ ಸಂಗ್ರಹಾಲಯದ ಮೇಜಿನ ಮೇಲೆ ನಡೆಯಬೇಕಾದದ್ದು.

ಈಗ ಕ್ಷೇತ್ರಕಾರ್ಯದ ಕಷ್ಟಗಳಿಗೆ ಬಂದರೆ, ಮೊದಲನೆಯದು ಕಾಲ. ಮಲೆನಾಡಿನ ಧರೆಗಳ (ಕಡಿದಾದ ಮಣ್ಣಿನ ದಂಡೆಗಳ) ಮೇಲೆ, ಗದ್ದೆಯ ಬದುಗಳಲ್ಲಿ, ಹಳೆಯ ಚಿರೇಕಲ್ಲಿನ ಗೋಡೆಗಳ ಮೇಲೆ ರಿಕ್ಸಿಯಾ, ಸಯಾಥೋಡಿಯಂ, ಫಾಸಂಬ್ರೋನಿಯಾದಂಥವು ಮುಂಗಾರಿನೊಂದಿಗೆ ಹುಟ್ಟಿ, ಮಳೆ ಹಿಂದೆಗೆದ ಕೆಲವು ವಾರಗಳಲ್ಲಿ ಒಣಗಿ ಮಾಯವಾಗುತ್ತವೆ. ಸಯಾಥೋಡಿಯಂ ಗುಹೆಯ ಬಾಯಿಯಲ್ಲಿ, ಬಾವಿಯ ಒಳಗೋಡೆಯಲ್ಲಿ ಹೊನ್ನಿನ ಹೊಳಪಿನಿಂದ ಕಂಡು ಸಾಮಾನ್ಯರ ಗಮನವನ್ನೂ ಸೆಳೆಯುವುದುಂಟು. ಉಳಿದವಕ್ಕೆ ಆ ಭಾಗ್ಯವಿಲ್ಲ. ರಿಕ್ಸಿಯಾ ಮತ್ತು ಫಾಸಂಬ್ರೋನಿಯಾಗಳಲ್ಲಿ ಪ್ರಭೇದವನ್ನು ಖಚಿತವಾಗಿ ಹೇಳಬೇಕಾದರೆ ಬಲಿತ ಬೀಜಕಗಳ ಮೇಲ್ಮೈಯ ಕೆತ್ತನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜುಲೈಯಲ್ಲಿ ಹೋದರೆ ಸಸ್ಯವಿರುತ್ತದೆ, ಬೀಜಕ ಬಲಿತಿರುವುದಿಲ್ಲ; ಡಿಸೆಂಬರಿನಲ್ಲಿ ಹೋದರೆ ಸಸ್ಯವೇ ಇರುವುದಿಲ್ಲ. ನಡುವಿನ ಕೆಲವು ವಾರಗಳು ಮಾತ್ರ ಪ್ರಯೋಜನಕ್ಕೆ ಬರುವುದು. ಆದರೆ ಕಾಲೇಜುಗಳ ಅಧ್ಯಯನ ಪ್ರವಾಸಗಳು ಸಾಮಾನ್ಯವಾಗಿ ಹೊರಡುವುದು ಮಳೆ ನಿಂತು, ಇಂಬಳಗಳ ಕಾಟ ಕಡಿಮೆಯಾಗಿ, ಘಟ್ಟದ ರಸ್ತೆಗಳು ಸರಿಹೋದ ಮೇಲೆ. ಚಳಿಗಾಲದ ಭೇಟಿಯಲ್ಲಿ ಸಿದ್ಧವಾದ ಪಟ್ಟಿಯಲ್ಲಿ ಮಳೆಗಾಲದ ಸಸ್ಯಗಳಿರುವುದಿಲ್ಲ, ಆದರೆ ಪಟ್ಟಿಯ ತಲೆಬರಹದಲ್ಲಿ ‘ಚಳಿಗಾಲದ ಪಟ್ಟಿ’ ಎಂದೂ ಇರುವುದಿಲ್ಲ.

ಎರಡನೆಯ ಕಷ್ಟ ಇನ್ನೂ ವಿಚಿತ್ರವಾದದ್ದು. ಲಿವರ್‌ವರ್ಟ್‌ಗಳ ಬಹುಪಾಲು ಪ್ರಭೇದಗಳ ಕೋಶಗಳೊಳಗೆ ಎಣ್ಣೆಯಂಶ ತುಂಬಿದ, ತನ್ನದೇ ಪೊರೆಯುಳ್ಳ ಸಣ್ಣ ಕಾಯಗಳಿರುತ್ತವೆ. ಬೇರೆ ಯಾವ ಸಸ್ಯವರ್ಗದಲ್ಲೂ ಈ ರೂಪದಲ್ಲಿ ಇವು ಕಾಣಸಿಗುವುದಿಲ್ಲ. ಒಂದು ಕೋಶದಲ್ಲಿ ಎಷ್ಟಿವೆ, ಆಕಾರವೇನು, ನಯವಾಗಿವೆಯೋ ಹರಳುಹರಳಾಗಿವೆಯೋ ಎಂಬುದು ಪ್ರಭೇದಗಳನ್ನು ಬೇರ್ಪಡಿಸಲು, ವಿಶೇಷವಾಗಿ ಒಂದನ್ನೊಂದು ಹೋಲುವ ಎಲೆಯುಳ್ಳ ಬಗೆಯವುಗಳಲ್ಲಿ, ಬಹಳ ಉಪಯುಕ್ತ. ತೊಂದರೆಯೆಂದರೆ ಸಸ್ಯ ಒಣಗುತ್ತಿದ್ದಂತೆ ಈ ಕಾಯಗಳು ಒಡೆದು, ಒಳಗಿನ ಅಂಶ ಆರಿ ಕಾಣದಾಗುತ್ತವೆ. ಹೂವಿನ ಗಿಡವನ್ನು ಒತ್ತಿ ಒಣಗಿಸಿಟ್ಟರೆ ನೂರು ವರ್ಷದ ಬಳಿಕವೂ ಗುರುತಿಸುವ ಲಕ್ಷಣಗಳಲ್ಲಿ ಹೆಚ್ಚಿನವು ಉಳಿದಿರುತ್ತವೆ. ಲಿವರ್‌ವರ್ಟನ್ನು ಕಾಗದದ ಪೊಟ್ಟಣದಲ್ಲಿ ಒಣಗಿಸಿಟ್ಟು ನೀರು ಹಾಕಿ ಮತ್ತೆ ಅರಳಿಸಬಹುದು, ಎಲೆಯ ಆಕಾರ ಮರಳುತ್ತದೆ, ಎಣ್ಣೆಕಾಯಗಳು ಮರಳುವುದಿಲ್ಲ. ಇದರಿಂದಾಗಿ ಸಂಗ್ರಹಿಸಿದ ಕೆಲವೇ ದಿನಗಳಲ್ಲಿ, ಸಸ್ಯ ಹಸಿಯಾಗಿರುವಾಗಲೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿತ್ರ ತೆಗೆದುಕೊಳ್ಳಬೇಕು. ಆಗುಂಬೆಯಲ್ಲಿ ಕಿತ್ತ ಮಾದರಿ ಅಂಚೆಯಲ್ಲಿ ಉತ್ತರ ಭಾರತದ ಪ್ರಯೋಗಾಲಯ ತಲಪಿ, ಅಲ್ಲಿ ಸರದಿಗಾಗಿ ಕಾಯುವ ಹೊತ್ತಿಗೆ ಗುರುತಿನ ಒಂದು ಮುಖ್ಯ ಸಾಕ್ಷ್ಯ ಅಳಿಸಿಹೋಗಿರುತ್ತದೆ. ಸ್ಥಳೀಯ ಪ್ರಯೋಗಾಲಯ ಬೇಕೆಂಬ ಬೇಡಿಕೆಗೆ ಪ್ರಾದೇಶಿಕ ಅಭಿಮಾನಕ್ಕಿಂತ ಗಟ್ಟಿಯಾದ ಕಾರಣವಿದು. ಶಿವಮೊಗ್ಗ, ಶಿರಸಿ, ಮಡಿಕೇರಿಗಳ ಯಾವುದಾದರೂ ಪದವಿ ಕಾಲೇಜಿನಲ್ಲಿ ಒಂದು ಒಳ್ಳೆಯ ಸೂಕ್ಷ್ಮದರ್ಶಕ, ಅದಕ್ಕೆ ಜೋಡಿಸಿದ ಕ್ಯಾಮೆರಾ ಮತ್ತು ನೋಡಲು ಬಲ್ಲ ಒಬ್ಬರು ಇದ್ದರೆ ಆಗುವ ಕೆಲಸ, ದೂರದ ದೊಡ್ಡ ಸಂಸ್ಥೆಯಲ್ಲಿ ಎಷ್ಟು ಉಪಕರಣಗಳಿದ್ದರೂ ಆಗದು.

ಮೂರನೆಯದಾಗಿ ಎಲೆಗಳ ಮೇಲೆ ಬೆಳೆಯುವ ಲಿವರ್‌ವರ್ಟ್‌ಗಳ ವಿಷಯ. ನಿತ್ಯಹರಿದ್ವರ್ಣ ಕಾಡಿನ ಕೆಳಸ್ತರದಲ್ಲಿ, ಹಳ್ಳದ ಪಕ್ಕದ ಪೊದೆಗಳ ಗಟ್ಟಿ ಎಲೆಗಳ ಮೇಲೆ ಇವು ಹಸಿರು ಚುಕ್ಕೆಗಳಂತೆ ಹರಡಿರುತ್ತವೆ. ಆ ಎಲೆ ಉದುರುವ ಮೊದಲು ಬೆಳೆದು, ಬೀಜಕವನ್ನೋ ಪುಟ್ಟ ತುಣುಕುಗಳನ್ನೋ ಪಕ್ಕದ ಎಲೆಗೆ ದಾಟಿಸಬೇಕು, ಇಲ್ಲದಿದ್ದರೆ ಅಲ್ಲಿಗೆ ಅದರ ವಂಶ ಮುಗಿಯಿತು. ಬ್ರೆಜಿಲಿನ ಮನೌಸ್ ಸಮೀಪ, ಕಾಡನ್ನು ಒಂದು, ಹತ್ತು, ನೂರು ಹೆಕ್ಟೇರಿನ ತುಂಡುಗಳಾಗಿ ಉಳಿಸಿ ನಡೆಸುತ್ತಿರುವ ಪ್ರಸಿದ್ಧ ಪ್ರಯೋಗದಲ್ಲಿ, ಒಂದು ಮತ್ತು ಹತ್ತು ಹೆಕ್ಟೇರಿನ ತುಂಡುಗಳಲ್ಲಿ ಇಂಥ ಎಲೆವಾಸಿ ಹಾವಸೆ ಸಸ್ಯಗಳ ಪ್ರಮಾಣವೂ ವೈವಿಧ್ಯವೂ ದೊಡ್ಡ ತುಂಡುಗಳಿಗಿಂತ ಕಡಿಮೆಯಿರುವುದು 2003ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಅವುಗಳಲ್ಲಿ ಬಹಳಷ್ಟು ಕೆಲವೇ ಎಕರೆಯವು. ಸುತ್ತಲಿನ ಕಾಫಿತೋಟದಲ್ಲಿ ನಾಡಮರಗಳ ನೆರಳು ದಟ್ಟವಾಗಿದ್ದರೆ ಈ ತುಂಡುಗಳ ನಡುವೆ ಸಂಪರ್ಕ ಉಳಿದೀತು. ಆ ಜಾಗಕ್ಕೆ ಸಿಲ್ವರ್ ಓಕ್ ಬಂದರೆ ಏನಾಗುತ್ತದೆ? ಅಮೆಜಾನಿನ ಉತ್ತರವನ್ನು ಇಲ್ಲಿಗೆ ತಂದು ಅಂಟಿಸುವಂತಿಲ್ಲ, ಏಕೆಂದರೆ ಅಲ್ಲಿಯ ತುಂಡುಗಳ ಸುತ್ತ ಇದ್ದದ್ದು ಹುಲ್ಲುಗಾವಲು, ಇಲ್ಲಿರುವುದು ಮರಗಳುಳ್ಳ ತೋಟ. ಪ್ರಶ್ನೆಗೆ ಉತ್ತರ ಬೇಕಾದರೆ ಕೆಲವು ದೇವರಕಾಡುಗಳನ್ನು, ಕೆಲವು ತೋಟಗಳನ್ನು ಆರಿಸಿ ಅವೇ ಪೊದೆಗಳಿಗೆ ಮತ್ತೆ ಮತ್ತೆ ಹೋಗಿ ನೋಡಬೇಕು. ಇದು ಅಷ್ಟೇನೂ ಖರ್ಚಿನ ಕೆಲಸವಲ್ಲ, ಆದರೆ ಹೆಸರು ತರುವ ಕೆಲಸವೂ ಅಲ್ಲ.

ಹೆಸರು ಬರುವುದು ಹೊಸ ಪ್ರಭೇದ ಸಿಕ್ಕಾಗ. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ, ಸಂಶೋಧಕರ ಬಡ್ತಿಗೂ ಅದೇ ನೆರವಾಗುತ್ತದೆ. ಹೊಸ ಪ್ರಭೇದಗಳನ್ನು ಹುಡುಕುವುದರ ಬಗ್ಗೆ ಯಾರಿಗೂ ತಕರಾರು ಇರಬೇಕಾಗಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಎತ್ತರವಾಗಿ ಬೆಳೆಯುವ ಒಂದು ಮರವೇ 2000ದವರೆಗೆ ವಿಜ್ಞಾನಕ್ಕೆ ಹೊಸದಾಗಿ ಉಳಿದಿತ್ತು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಅದಕ್ಕೆ ಸಿಕ್ಕಿದ್ದು ಆಗ. ಮರವೇ ಹಾಗಿದ್ದರೆ ಮಿಲಿಮೀಟರಿನ ಸಸ್ಯಗಳ ಕತೆಯೇನು ಎಂಬುದು ನ್ಯಾಯವಾದ ಪ್ರಶ್ನೆ. ಆದರೂ ಒಂದು ಪರ್ವತಪ್ರದೇಶದ ಆರೋಗ್ಯವನ್ನು ತಿಳಿಸುವುದು ಒಮ್ಮೆ ಸಿಕ್ಕಿದ ಅಪರೂಪದ ಸಸ್ಯಕ್ಕಿಂತ, ಎಲ್ಲೆಡೆ ಇರಬೇಕಾದ ಸಾಮಾನ್ಯ ಸಸ್ಯಗಳ ಹೆಚ್ಚುಕಡಿಮೆ. ಫ್ರುಲಾನಿಯಾ, ಪ್ಲೇಜಿಯೋಕೈಲಾ, ಲೆಜುನಿಯಾಗಳಂಥ ಸಾಮಾನ್ಯ ಕುಲಗಳು ಒಂದು ಮರದ ಯಾವ ಎತ್ತರದಲ್ಲಿ, ಯಾವ ದಿಕ್ಕಿನ ತೊಗಟೆಯಲ್ಲಿ ಎಷ್ಟು ಹರಡಿವೆ ಎಂಬ ಮಾಹಿತಿ ಪ್ರಕಟಿಸಲು ಯೋಗ್ಯವೆಂದು ತೋರುವುದಿಲ್ಲ. ಹೀಗಾಗಿ ಅದನ್ನು ಬರೆದಿಡುವವರೂ ಕಡಿಮೆ.

ಕಾನೂನಿನ ಕಡೆಯಿಂದ ನೋಡಿದರೆ ದಾಖಲಾತಿಗೆ ಒಂದು ಚೌಕಟ್ಟು ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ವರ್ಷಗಟ್ಟಲೆ ಇದು ಕುಂಟುತ್ತಿದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಮಧ್ಯೆ ಬಂದು, 2020ರ ಜನವರಿ ಅಂತ್ಯದೊಳಗೆ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದಿತು. ದಂಡದ ಭಯದಲ್ಲಿ ದೇಶದಾದ್ಯಂತ ದಾಖಲಾತಿಗಳು ಲಕ್ಷಗಳ ಲೆಕ್ಕದಲ್ಲಿ ಸಿದ್ಧವಾದವು. ಹಾಗೆ ಆತುರದಲ್ಲಿ ತುಂಬಿದ ನಮೂನೆಗಳಲ್ಲಿ ಬೆಳೆ, ಔಷಧಿ ಸಸ್ಯ, ಮರ, ಜಾನುವಾರುಗಳಿಗೆ ಒಳ್ಳೆಯದೋ ಕೆಟ್ಟದ್ದೋ ಒಂದು ಪುಟ ಸಿಕ್ಕಿತು. ಲಿವರ್‌ವರ್ಟ್‌ಗಳನ್ನು ಅಲ್ಲಿ ಯಾರೂ ನಿರೀಕ್ಷಿಸುವಂತೆಯೂ ಇರಲಿಲ್ಲ: ಊರಿನವರ ಬಳಕೆಯಲ್ಲಿಲ್ಲದ, ಪ್ರತ್ಯೇಕ ಹೆಸರಿಲ್ಲದ ಸಸ್ಯವನ್ನು ಸಂದರ್ಶನದ ಮೂಲಕ ದಾಖಲಿಸಲಾಗದು. ಅದು ದಾಖಲಾತಿಯ ದೋಷವಲ್ಲ, ಅದರ ಮಿತಿ. ದೋಷವಾಗುವುದು ಆ ದಾಖಲಾತಿಯನ್ನು ಮುಂದೆ ಯಾರಾದರೂ ಆ ಊರಿನ ಸಂಪೂರ್ಣ ಜೀವವೈವಿಧ್ಯದ ಲೆಕ್ಕವೆಂದು ಓದಿದಾಗ.

ಹಾಗೆ ಓದುವ ಸಂದರ್ಭಗಳು ಬರುತ್ತಲೇ ಇರುತ್ತವೆ. ಎತ್ತಿನಹೊಳೆ ಯೋಜನೆಯನ್ನು ನೋಡಿ. ಸಕಲೇಶಪುರ ಭಾಗದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರನ್ನು ಪೂರ್ವದ ಜಿಲ್ಲೆಗಳಿಗೆ ತಿರುಗಿಸುವ, 24 ಟಿಎಂಸಿಯ ಈ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕುಡಿಯುವ ನೀರಿನ ಯೋಜನೆ ಎಂಬ ಕಾರಣ ನೀಡಿ ಪರಿಸರ ಪರಿಣಾಮದ ಪೂರ್ವಾನುಮತಿಯ ಪ್ರಕ್ರಿಯೆಯಿಂದ ಅದನ್ನು ಹೊರಗಿಡಲಾಗಿತ್ತು. ಯೋಜನೆ ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ನನ್ನ ವಿಷಯವಲ್ಲ. ನೀರು ತಿರುಗಿದ ಮೇಲೆ ಒಡ್ಡಿನ ಕೆಳಗಿನ ಹಳ್ಳದಲ್ಲಿ ಹರಿವಿನ ಲಯ ಬದಲಾಗುತ್ತದೆ, ಸದಾ ತುಂತುರು ಬೀಳುತ್ತಿದ್ದ ಬಂಡೆ ಬೇಗ ಒಣಗುತ್ತದೆ. ಹತ್ತು ವರ್ಷದ ಬಳಿಕ ಆ ಬಂಡೆಯ ಮೇಲೆ ಏನು ಕಳೆದುಹೋಯಿತು ಎಂದು ಯಾರಾದರೂ ಕೇಳಿದರೆ, ಮೊದಲು ಏನಿತ್ತು ಎಂಬ ಚೀಟಿ ಎಲ್ಲಾದರೂ ಇರಬೇಕಲ್ಲವೆ? ಹಳ್ಳದ ಮೀನಿಗೆ ಮೀನುಗಾರನ ನೆನಪಾದರೂ ಸಾಕ್ಷಿಯಿರುತ್ತದೆ. ಲಿವರ್‌ವರ್ಟಿಗೆ ಪೊಟ್ಟಣದ ಮೇಲಿನ ಚೀಟಿಯ ಹೊರತು ಬೇರೆ ಸಾಕ್ಷಿಯಿಲ್ಲ.

ಹಾಗಾದರೆ ಪ್ರತಿ ಯೋಜನೆಯ ಪರಿಸರ ಪರಿಣಾಮ ವರದಿಯಲ್ಲೂ ಲಿವರ್‌ವರ್ಟ್‌ಗಳ ಅಧ್ಯಾಯ ಕಡ್ಡಾಯ ಮಾಡಬೇಕೆ? ಇದು ಮೊದಲಿಗೆ ಹೊಳೆಯುವ ಪರಿಹಾರ, ಆದರೆ ನನಗೆ ಇದರಲ್ಲಿ ಹೆಚ್ಚು ನಂಬಿಕೆಯಿಲ್ಲ. ಇವನ್ನು ಪ್ರಭೇದದ ಮಟ್ಟದವರೆಗೆ ಗುರುತಿಸಬಲ್ಲವರು ಇಡೀ ದೇಶದಲ್ಲಿ ಕೆಲವೇ ಮಂದಿ. ವರ್ಗೀಕರಣ ತಜ್ಞರ ಕೊರತೆ ಹೊಸದೂ ಅಲ್ಲ. ಕೇಂದ್ರ ಪರಿಸರ ಸಚಿವಾಲಯ 1999ರಲ್ಲೇ ಅದಕ್ಕಾಗಿ ಅಖಿಲ ಭಾರತ ಮಟ್ಟದ ತರಬೇತಿ ಯೋಜನೆಯೊಂದನ್ನು ಶುರುಮಾಡಿತ್ತು. ತರಬೇತಿ ಪಡೆದವರಿಗೆ ಆ ವಿಷಯದಲ್ಲೇ ಉದ್ಯೋಗ ಸಿಗದಿದ್ದರೆ ಅವರು ಬೇರೆ ಕಡೆ ಹೋಗುವುದು ಲೋಕರೂಢಿ. ಗುರುತಿಸುವವರಿಲ್ಲದ ಕಡೆ ಅಧ್ಯಾಯ ಕಡ್ಡಾಯವಾದರೆ, ಹಳೆಯ ಪಟ್ಟಿಯಿಂದ ಹೆಸರುಗಳನ್ನು ಎತ್ತಿ ಬರೆಯುವ ಚಾಳಿ ಶುರುವಾಗುತ್ತದೆ, ಆಗ ಖಾಲಿ ಪುಟಕ್ಕಿಂತ ಅಪಾಯಕಾರಿಯಾದ ಸುಳ್ಳು ಪುಟವೊಂದು ಹುಟ್ಟಿಕೊಳ್ಳುತ್ತದೆ.

ಅದಕ್ಕಿಂತ ಆವಾಸಗಳನ್ನು ಲೆಕ್ಕಕ್ಕೆ ತರುವುದು ಕಾರ್ಯಸಾಧ್ಯ. ಜಲಪಾತದ ತುಂತುರು ಬೀಳುವ ವಲಯ, ನೆರಳಿನ ಹಳ್ಳದ ದಂಡೆ, ಜೌಗುಕಾಡು, ಶೋಲಾ, ಮಂಜು ಮುಸುಕುವ ಶಿಖರದ ಕುಬ್ಜ ಮರಗಳ ಕಾಡು, ದೊಡ್ಡ ಮರ ಬಿದ್ದು ಕೊಳೆಯಲು ಬಿಟ್ಟ ನೆಲ: ಇವುಗಳಲ್ಲಿ ಲಿವರ್‌ವರ್ಟ್‌ಗಳು ಸಮೃದ್ಧವಾಗಿರುತ್ತವೆ ಎನ್ನಲು ಪ್ರಭೇದಗಳ ಹೆಸರು ಗೊತ್ತಿರಬೇಕಾಗಿಲ್ಲ. ಇಂಥ ಜಾಗ ಇದೆಯೇ, ಎಷ್ಟು ಉದ್ದದ ಹಳ್ಳ, ಯಾವ ತಿಂಗಳವರೆಗೆ ತೇವ ಉಳಿಯುತ್ತದೆ ಎಂದು ಒಬ್ಬ ಅರಣ್ಯ ರಕ್ಷಕನೂ ಬರೆಯಬಲ್ಲ. ಹೆಸರಿನ ಕೆಲಸ ನಿಧಾನವಾಗಿ ಸಾಗಲಿ. ಅಲ್ಲಿಯವರೆಗೆ ಆವಾಸದ ದಾಖಲೆ ತೀರ್ಮಾನಗಳಿಗೆ ಆಧಾರವಾಗಲಿ.

ತಂತ್ರಜ್ಞಾನದಿಂದ ಇದೆಲ್ಲ ಸುಲಭವಾಗಲಿದೆ ಎನ್ನುವವರೂ ಇದ್ದಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಜಾಲತಾಣಕ್ಕೆ ಏರಿಸಿದರೆ ಗುರುತು ಸಿಗುವ ಕ್ರಮ ಹಕ್ಕಿ, ಚಿಟ್ಟೆಗಳಲ್ಲಿ ಅದ್ಭುತವಾಗಿ ನಡೆದಿದೆ. ಮಾರ್ಕ್ಯಾಂಶಿಯಾದಂಥ ದೊಡ್ಡ ಬಗೆಯವುಗಳಲ್ಲಿ ಕುಲದ ಮಟ್ಟದವರೆಗೆ ಇದು ಕೆಲಸಕ್ಕೆ ಬರಬಹುದು. ಎಲೆಯುಳ್ಳವುಗಳಲ್ಲಿ ಎಲೆಯ ಕೆಳಹಾಳೆ, ಅಡಿ ಎಲೆಯ ಸೀಳು, ಕೋಶದ ಮೂಲೆಯ ದಪ್ಪ ಇವನ್ನೆಲ್ಲ ನೋಡದೆ ಹೆಸರು ಹೇಳುವುದು ಜಾತಕ ಹೇಳಿದಂತಾಗುತ್ತದೆ. ಡಿಎನ್‌ಎ ಗುರುತಿನ ವಿಧಾನಕ್ಕೂ ಹೋಲಿಕೆಯ ಭಂಡಾರ ಬೇಕು. ಸರಿಯಾಗಿ ಹೆಸರಿಸಿದ ಮಾದರಿಯಿಂದ ಪಡೆದ ಅನುಕ್ರಮ ಅಲ್ಲಿಲ್ಲದಿದ್ದರೆ ಉತ್ತರ ಬರುವುದಿಲ್ಲ, ತಪ್ಪು ಹೆಸರಿನ ಮಾದರಿ ಅಲ್ಲಿದ್ದರೆ ತಪ್ಪು ಉತ್ತರ ಬರುತ್ತದೆ. ಮಾರ್ಕ್ಯಾಂಶಿಯಾ ಪಾಲಿಮಾರ್ಫಾದ ಸಂಪೂರ್ಣ ತಳಿಮಾಹಿತಿ 2017ರಲ್ಲೇ ಪ್ರಕಟವಾಯಿತು, ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಅದು ಈಗ ಮಾದರಿ ಸಸ್ಯ. ಒಂದು ಲಿವರ್‌ವರ್ಟಿನ ಜೀನುಗಳನ್ನೆಲ್ಲ ಓದಿ ಮುಗಿಸಿದ ಕಾಲದಲ್ಲೇ ಕುದುರೆಮುಖದ ಒಂದು ಹಳ್ಳದಲ್ಲಿ ಎಷ್ಟು ಬಗೆಯವಿವೆ ಎಂದು ಹೇಳಲು ತಡವರಿಸಬೇಕಾಗಿದೆ.

ಇನ್ನೊಂದು ಅಡ್ಡಿಯನ್ನು ವಿಜ್ಞಾನಿಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಪಶ್ಚಿಮ ಘಟ್ಟದ 56,825.7 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸುವ ಆರನೆಯ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಬಂತು, ವಯನಾಡಿನ ಭೂಕುಸಿತದ ಮರುದಿನ. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಈ ಹಿನ್ನೆಲೆಯಲ್ಲಿ ಮಲೆನಾಡಿನ ರೈತರಿಗೆ ತಮ್ಮ ಊರಿಗೆ ಬಂದು ಗಿಡ ಕಿತ್ತು ಬರೆದುಕೊಂಡು ಹೋಗುವವರ ಬಗ್ಗೆ ಅನುಮಾನ ಬರುವುದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ: ಇಂದು ಪಟ್ಟಿ, ನಾಳೆ ನಿರ್ಬಂಧ ಎಂಬ ಲೆಕ್ಕಾಚಾರಕ್ಕೆ ಅವರ ಅನುಭವದಲ್ಲಿ ಕಾರಣಗಳಿವೆ. ಆದರೆ ಲಿವರ್‌ವರ್ಟ್‌ಗಳ ವಿಷಯದಲ್ಲಿ ತೋಟವೂ ಸೊಪ್ಪಿನ ಬೆಟ್ಟವೂ ಕಾಡಿನಷ್ಟೇ ಮುಖ್ಯವಾದ ಕ್ಷೇತ್ರಗಳು. ಅಡಿಕೆ ತೋಟದ ಬಸಿಗಾಲುವೆ, ಹಳೆಯ ಧರೆ, ಕಾಫಿತೋಟದ ನೆರಳಿನ ಮರ ಇವೆಲ್ಲ ಅವುಗಳ ನೆಲೆಗಳೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಹಾವಸೆ ಸಸ್ಯಗಳಿಗೆ ವಿಷವೆಂಬುದು ತಿಳಿದ ವಿಷಯ. ಧರೆಯನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಕಾಂಕ್ರೀಟು ಹಾಕಿದರೆ, ಕಳೆನಾಶಕ ಹೊಡೆದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಹಾಗೆಂದು ಕೊಳೆರೋಗಕ್ಕೆ ಔಷಧಿ ಹೊಡೆಯಬೇಡಿ ಎಂದು ಯಾರೂ ಹೇಳಲಾರರು. ತೋಟಗಾರರೇ ಒಳಗೊಂಡ, ಯಾವ ಅಧಿಸೂಚನೆಗೂ ತಳಕು ಹಾಕದ ದಾಖಲಾತಿಯಾದರೆ ಮಾತ್ರ ಖಾಸಗಿ ಜಮೀನಿನ ಬೇಲಿಯೊಳಗೆ ಪ್ರವೇಶ ಸಿಕ್ಕೀತು.

ಕೆಲಸದ ಸ್ವರೂಪ ಹೀಗಿರಬಹುದು. ತಪ್ಪಲು, ಘಟ್ಟದ ಇಳಿಜಾರು, ಶಿಖರ, ತೋಟ ಹೀಗೆ ಬೇರೆ ಬೇರೆ ಎತ್ತರಗಳಲ್ಲಿ ಕೆಲವು ಖಾಯಂ ಜಾಗಗಳು. ಪ್ರತಿಯೊಂದರಲ್ಲೂ ಗುರುತು ಹಾಕಿದ ಮರಗಳು, ಬಂಡೆಗಳು, ಧರೆಗಳು. ಮುಂಗಾರಿನ ನಡುವೆ ಒಮ್ಮೆ, ಮಳೆ ಹಿಂದೆಗೆಯುವಾಗ ಒಮ್ಮೆ ಭೇಟಿ. ಸಿಕ್ಕಿದ್ದನ್ನು ಮಾತ್ರವಲ್ಲ, ಹುಡುಕಿಯೂ ಸಿಗದ್ದನ್ನೂ ಬರೆಯುವುದು. ಎಷ್ಟು ಹೊತ್ತು ಹುಡುಕಿದೆವು ಎಂಬುದನ್ನು ಕೂಡ. ಹಸಿ ಸಸ್ಯದ ಎಣ್ಣೆಕಾಯಗಳ ಚಿತ್ರವನ್ನು ಅದೇ ಮಾದರಿಯ ಸಂಖ್ಯೆಗೆ ಜೋಡಿಸಿ ಇಡಬೇಕು. ಪೊಟ್ಟಣದ ಅರ್ಧ ಭಾಗ ಹತ್ತಿರದ ಕಾಲೇಜಿನಲ್ಲಿ, ಇನ್ನರ್ಧ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಇದ್ದರೆ ಒಂದು ಕಡೆ ಗೆದ್ದಲು ತಿಂದರೂ ಇನ್ನೊಂದು ಉಳಿಯುತ್ತದೆ. ಅಂಗೈಯಗಲದ ಹಾಸಿನಿಂದ ಉಗುರಿನಷ್ಟು ತೆಗೆದರೆ ಗುರುತಿಸಲು ಸಾಕು. ಸಂಗ್ರಹದ ಹೆಸರಿನಲ್ಲಿ ಬಂಡೆಯನ್ನೇ ಬೋಳಿಸುವ ಹಳೆಯ ಪದ್ಧತಿ ನಿಲ್ಲಬೇಕು.

ಇದಕ್ಕೆಲ್ಲ ಮುಂಚೆ ಒಂದು ಕಾಗದದ ಕೆಲಸವಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಒಂದು ಚಿಟಿಕೆ ಹಾವಸೆ ತೆಗೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಬೇಕಾದದ್ದೇ. ಮಳೆಗಾಲದ ಅಧ್ಯಯನಕ್ಕೆ ಮೇ ಅಂತ್ಯದೊಳಗೆ ಕೈಸೇರುವಂತೆ, ಒಂದೇ ಋತುವಿಗಲ್ಲದೆ ಕನಿಷ್ಠ ಮೂರು ಮಳೆಗಾಲಗಳಿಗೆ ಒಟ್ಟಾಗಿ ಆ ಅನುಮತಿಯನ್ನು ಕೊಡುವ ವ್ಯವಸ್ಥೆಯಾದರೆ ಉಳಿದದ್ದನ್ನು ಕಾಲೇಜುಗಳು ಹೊಂದಿಸಿಕೊಳ್ಳಬಹುದು. ನವೆಂಬರಿನಲ್ಲಿ ಬಂದ ಅನುಮತಿ ಪತ್ರದಿಂದ ಚಳಿಗಾಲದ ಇನ್ನೊಂದು ಪಟ್ಟಿ ಸಿದ್ಧವಾಗುತ್ತದೆ, ಅಷ್ಟೆ.